ಮುಂದಿನ ಮನೆ ಮಾತ್ರ

ಮಾರ್ಚ್ 6

ಅಕ್ಕಾ,

ರಾತ್ರಿ ಎರಡೂ ಹತ್ತಕ್ಕೆ ಕಬ್ಬಿಣದ ಮೇಲೆ ಕಬ್ಬಿಣ ಅಪ್ಪಳಿಸಿದ ಸದ್ದಿಗೆ ಎಚ್ಚರವಾಯಿತು. ಎದ್ದವಳು ದೀಪ ಹಾಕಲಿಲ್ಲ, ಕಿಟಕಿಗೆ ಹೋಗಲಿಲ್ಲ. ಪಾಪುವಿನ ಬಾಯಿಗೆ ಅಂಗೈ ಒತ್ತಿ ಹಿಡಿದೆ. ಅದು ಅಳುತ್ತಲೇ ಇರಲಿಲ್ಲ, ಅಕ್ಕಾ. ನಿದ್ದೆಯಲ್ಲಿತ್ತು. ಮೂಗಿನ ಉಸಿರು ಬಿಸಿಯಾಗಿ ಬೆರಳಿಗೆ ತಾಗಿದಾಗ ನಾನೇನು ಮಾಡುತ್ತಿದ್ದೇನೆಂದು ತಿಳಿದು ಕೈ ಕಿತ್ತುಕೊಂಡೆ. ಸದ್ದು ಬೀದಿಯದು. ಬ್ರೆಡ್ಡಿನ ವ್ಯಾನಿನವನು ಹಿಂಬಾಗಿಲು ಎಳೆದು ಹಾಕಿ, ಶಿಳ್ಳೆ ಹೊಡೆಯುತ್ತ ಹೋದ. ನಾನು ಆಗಿನಿಂದ ಗೋಡೆಗೆ ಒರಗಿ ಕೂತಿದ್ದೇನೆ.

ತಲುಪಿದ್ದೇನೆ ಎಂದು ತಿಳಿಸಲಿಕ್ಕೆ ಈ ಕಾಗದ. ಎಲ್ಲಿ ಎಂದು ನಾನು ಬರೆಯುವಂತಿಲ್ಲ, ನೀನು ಕೇಳುವಂತಿಲ್ಲ. ಆ ಕಟ್ಟಳೆ ಮಾಡಿದವಳು ನಾನೇ. ಬೇರೆ ಹೆಂಗಸರಿಗೆಂದು ಹೊಲಿದ ಅಂಗಿ, ಕೊನೆಗೆ ನನ್ನ ಮೈಗೇ ಸರಿಯಾಗಿ ಕೂತಿತು ನೋಡು.

ಕತ್ತಲಲ್ಲಿ ಕೂತಾಗೆಲ್ಲ ನಿನ್ನ ಲಾಂಡ್ರಿಯ ಹಿಂಗೋಡೆ ಕಣ್ಣಿಗೆ ಬರುತ್ತದೆ. ಸಾಲಾಗಿ ಹೊಡೆದ ಮೊಳೆಗಳು, ಪ್ರತಿ ಮೊಳೆಗೂ ನಂಬರು, ಪ್ರತಿ ನಂಬರಿಗೂ ಒಂದು ಮನೆಯ ಬೀಗದ ಕೈ, ಮೊಳೆಯ ಕೆಳಗೆ ಅಂಟಿಸಿದ ವಿಳಾಸದ ಚೀಟಿ. ಗಂಡನ ಹೊಡೆತ ತಾಳದೆ ಓಡಿ ಬಂದವಳಿಗೆ ನೀನು ಸುಮ್ಮನೆ “ಐದು” ಎನ್ನುತ್ತಿದ್ದೆ. ಅವಳು ಐದನೆಯ ಮೊಳೆಗೆ ಕೈ ಹಾಕಿದರೆ ಮುಗಿಯಿತು, ಅಡಗಲು ಒಂದು ಮನೆ. ಎಷ್ಟು ಸಲೀಸು! ಹಾಗೆ ಓಡಿ ಬಂದ ಒಬ್ಬಳ ಗಂಡ, ಆ ಲಾರಿಯವನಿಗೂ ಅಷ್ಟೇ ಸಲೀಸಾಯಿತು. ನಿನ್ನ ಹೆಗಲ ಮೂಳೆಯನ್ನು ಜಾಕಿಯ ಸರಳಿನಿಂದ ಮುರಿದು, ಬೀಗದ ಕೈ ಇಲ್ಲದ ಮೊಳೆಯ ಚೀಟಿಗೇ ನೇರ ಕೈ ಹಾಕಿದ. ಒಂದನ್ನೂ ಎರಡನ್ನೂ ಮುಟ್ಟಬೇಕಾಗಲಿಲ್ಲ. ಸಂಜೆಯೊಳಗೆ ಆ ಮನೆಯಲ್ಲಿದ್ದ. ಅವನ ಹೆಂಡತಿಯನ್ನು ನಾವು ಗುರುತು ಹಿಡಿದದ್ದು ಕಾಲಿನ ಚಪ್ಪಲಿಯಿಂದ. ಮುಖ ಉಳಿದಿರಲಿಲ್ಲ.

ಆಮೇಲೆ ನಾನು ನಿನ್ನ ಮಂಚದ ಪಕ್ಕ ಕೂತು ಹೇಳಿದ್ದೆ, “ಈ ‘ಅರೇ’ ತೆಗೆದುಹಾಕು ಅಕ್ಕಾ, ‘ಲಿಂಕ್ಡ್ ಲಿಸ್ಟ್’ ಮಾಡು.” ನೀನು ಬ್ಯಾಂಡೇಜಿನೊಳಗಿಂದಲೇ, “ಅದ್ಯಾವ ಕಂಪನಿ ಸೋಪು?” ಎಂದೆ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಕೇಳುವ ಹುಡುಗರಿಗೆ ಹೇಳುವಂತೆಯೇ ನಿನಗೂ ಹೇಳಿದೆ. ಅರೇ ಎಂದರೆ ಸಾಲುಮನೆ. ಮೊದಲ ಮನೆ ಗೊತ್ತಿದ್ದರೆ ಏಳನೆಯದು ಎಲ್ಲಿದೆ ಎಂದು ಲೆಕ್ಕ ಹಾಕಿ ನೇರ ಹೋಗಿ ಬಾಗಿಲು ತಟ್ಟಬಹುದು. ಲಿಂಕ್ಡ್ ಲಿಸ್ಟ್ ಎಂದರೆ ಮಕ್ಕಳ ನಿಧಿ ಹುಡುಕುವ ಆಟ. ಒಂದು ಚೀಟಿಯಲ್ಲಿ ಮುಂದಿನ ಚೀಟಿಯ ಜಾಗ ಮಾತ್ರ ಇರುತ್ತದೆ. ಏಳನೆಯದು ಬೇಕಾದರೆ ಆರನ್ನೂ ಹಾಯ್ದೇ ಹೋಗಬೇಕು. ನೀನು ಮೊಳೆ ಕಿತ್ತೆ. ಈಗ ನಿನಗೆ ಗೊತ್ತಿರುವುದು ಗಾಜಿನಂಗಡಿಯವಳ ಮನೆ ಮಾತ್ರ. ಅವಳಿಗೆ ಹೊಲಿಗೆಯವಳ ಮನೆ. ಹೊಲಿಗೆಯವಳಿಗೆ ನಾನಿರುವ ಈ ಮನೆ. ಒಗೆದ ಬಟ್ಟೆಯ ಗಂಟು ಹೀಗೆ ಕೈಯಿಂದ ಕೈಗೆ ದಾಟಿ, ನನ್ನ ಮುಂದಿನ ಮನೆಗಳನ್ನೂ ಹಾಯುತ್ತದೆ. ಅದನ್ನು ಕೊನೆಯ ಮನೆಯವಳು ಯಾವಳೋ ಗಿರಾಕಿಯ ಹಾಗೆ ಬಂದು ನಿನ್ನ ಅಂಗಡಿಯಲ್ಲಿ ಹಾಕಿ ಹೋಗುತ್ತಾಳೆ. ಅದರೊಳಗಿನ ಯಾವುದಾದರೂ ಜೇಬಿನಲ್ಲಿ ಈ ಕಾಗದ ಸಿಗುತ್ತದೆ.

ಅಕ್ಷರ ಸೊಟ್ಟಗಿದೆ, ಬೈಯಬೇಡ. ಬಲಗೈಯ ನಡುವಿನ ಎರಡು ಬೆರಳಿಗೆ ಮರದ ಸ್ಕೇಲು ಮುರಿದು ಕಟ್ಟಿದ್ದಾರೆ.

ಒಂದು ಹೊದಿಕೆಯೊಳಗೆ ಇಬ್ಬರು,
ನಿನ್ನ ತಂಗಿ

*

ಮಾರ್ಚ್ 19

ತಂಗೀ,

ನಿನ್ನ ಕಾಗದ ಯಾರದ್ದೋ ಪ್ಯಾಂಟಿನ ಜೇಬಲ್ಲಿ ಸಿಕ್ಕಿತು. ಇನ್ನು ಸ್ವಲ್ಪ ತಡವಾಗಿದ್ದರೆ ನೀರಿಗೆ ಬೀಳುತ್ತಿತ್ತು. ಜೇಬು ನೋಡದೆ ಒಗೆಯೋಳು ಲಾಂಡ್ರಿ ಇಡಬಾರದು, ಅಲ್ವೇ.

ಸುದ್ದಿ ಬೇರೆಯವರ ಬಾಯಿಂದ ತಿಳಿಯೋದಕ್ಕಿಂತ ನಾನೇ ಹೇಳ್ತೀನಿ. ಅವನು, ನಿನ್ನ ಗಂಡ, ಬಂದಿದ್ದ. ಮಧ್ಯಾಹ್ನ, ಜನ ಇಲ್ಲದ ಹೊತ್ತು ನೋಡಿ. ಕೈಯಲ್ಲಿ ಒಂದು ಕೋಟು.

“ಅತ್ತಿಗೇ, ಇಸ್ತ್ರಿ ಆಗ್ಬೇಕಿತ್ತು. ಅರ್ಜೆಂಟಿಲ್ಲ.”

ನಾನು ಚೀಟಿ ಹರಿದುಕೊಟ್ಟೆ. ಅವನು ಕೌಂಟರ್ ಒಳಗೆ ಬಂದು ಹಿಂಗೋಡೆ ನೋಡಿದ. ಮೊಳೆ ಕಿತ್ತ ತೂತುಗಳ ಮೇಲೆ ಬೆರಳಾಡಿಸಿ, ಒಂದೊಂದಾಗಿ ಎಣಿಸಿದ. ಸೊನ್ನೆಯಿಂದ ಶುರು ಮಾಡ್ತಾನೆ, ನೋಡಿದೀಯಾ?

“ಮೊಳೆ ಎಲ್ಲಿ ಅತ್ತಿಗೇ?”

“ತುಕ್ಕು ಹಿಡಿದಿತ್ತು. ಬಟ್ಟೆಗೆ ಕಲೆ ಆಗುತ್ತೆ ಅಂತ ಕಿತ್ತೆ.”

“ಇದು ಅವಳ ತಲೆ.” ನಕ್ಕ. “ಸರಪಳಿ ಮಾಡಿದೀರಿ. ಒಳ್ಳೇದೇ. ಸರಪಳಿ ಅಂದ್ರೆ ನಿಧಾನ ಅಷ್ಟೇ ಅತ್ತಿಗೇ, ಸಿಗೋದೇ ಇಲ್ಲ ಅಂತಲ್ಲ. ಮೊದಲನೇ ಮನೆ ಯಾವ್ದು ಅಂತ ಹೇಳಿಬಿಡಿ. ಮಿಕ್ಕಿದ್ದು ನಾನು ನಡ್ಕೊಂಡು ಹೋಗ್ತೀನಿ.”

“ನಿಮ್ಮಪ್ಪನ ಮನೆ” ಅಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ಗೋಡೆಯ ಫೋನನ್ನು ವೈರ್ ಸಮೇತ ಕಿತ್ತ. ಅದೇ ವೈರನ್ನು ನನ್ನ ಕತ್ತಿಗೆ ಸುತ್ತಿ ಹಿಂದಿನಿಂದ ಎಳೆದ. ಕೂಗಾಡಲಿಲ್ಲ, ಬೈಯಲಿಲ್ಲ, ಬೂಟಿನ ಲೇಸು ಕಟ್ಟೋ ಹಾಗೆ ಎಳೆದ. ಕಣ್ಣು ಕತ್ತಲೆ ಬಂತು. ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಕಾದಿತ್ತು, ಕೈ ತಾನಾಗೇ ಹೋಯ್ತು. ಅವನ ಬಲಗೈ ಮೇಲೆ ಒತ್ತಿ ಹಿಡಿದೆ, ದಪ್ಪ ಬಟ್ಟೆ ಮೇಲೆ ಒತ್ತೋ ಹಾಗೆ ಎರಡೂ ಕೈ ಭಾರ ಹಾಕಿ. ಸುಟ್ಟ ವಾಸನೆ ಇನ್ನೂ ಅಂಗಡಿ ಬಿಟ್ಟಿಲ್ಲ. ಚರ್ಮ ಪೆಟ್ಟಿಗೆಗೇ ಅಂಟಿ ಬಂತು ಕಣೇ. ಉಪ್ಪು ಹಾಕಿ ಉಜ್ಜಿ ತೆಗೆದೆ.

ಹೋಗುವಾಗ ನನ್ನ ಮೊಬೈಲ್ ಎತ್ತಿಕೊಂಡು ಹೋಗಿದಾನೆ. ಆ ನಂಬರಿಗೆ ಸತ್ತರೂ ಮಾಡಬೇಡ. ಎತ್ತೋದು ಅವನು.

ಪೊಲೀಸರು ಬಂದು ಬರ್ಕೊಂಡ್ರು. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಮ್ಮ” ಅಂದ ಅವರಲ್ಲೊಬ್ಬ. “ನಾನು ಅವನ ಹೆಂಡತಿ ಅಲ್ಲಪ್ಪಾ, ಉಣ್ಣಲೂ ಇಲ್ಲ ಮಲಗಲೂ ಇಲ್ಲ” ಅಂದೆ. ಬರ್ಕೊಳ್ಳಲಿಲ್ಲ.

ಅವನ ಕೋಟು ಇಲ್ಲೇ ಇದೆ. ಇಸ್ತ್ರಿ ಮಾಡಿ ನೇತು ಹಾಕಿದೀನಿ. ದಂಧೆ ದಂಧೆನೇ.

ಪಾಪುವಿನ ಹೊಟ್ಟೆಗೊಂದು ಮುತ್ತು ಕೊಡು. ಕತ್ತು ಈಗ ಎಡಕ್ಕೆ ತಿರುಗುತ್ತೆ, ಬಲಕ್ಕೆ ನಾಳೆ ತಿರುಗೀತು.

ನಿನ್ನ ಅಕ್ಕ

*

ಏಪ್ರಿಲ್ 2

ಅಕ್ಕಾ,

ನಿನ್ನ ಕಾಗದ ಕೈ ಸೇರುವಷ್ಟರಲ್ಲಿ ಹತ್ತು ಹನ್ನೆರಡು ದಿನ ಹಳೆಯದು. ಅದರಲ್ಲಿ ನಿನ್ನ ಕತ್ತು ಇನ್ನೂ ನೋಯುತ್ತಿತ್ತು. ಈಗ ವಾಸಿಯಾಗಿದೆಯೋ, ಅವನು ಮತ್ತೆ ಬಂದನೋ, ಏನೂ ಗೊತ್ತಿಲ್ಲ. ನಿನ್ನಿಂದ ನನ್ನವರೆಗೆ ಎರಡೇ ಮನೆ, ಆದರೂ ಸತ್ತ ನಕ್ಷತ್ರದ ಬೆಳಕು ನೋಡಿದ ಹಾಗೆ ನಿನ್ನನ್ನು ನೋಡುತ್ತಿದ್ದೇನೆ.

ನಾನಿರುವ ಮನೆಯವರ ಬಗ್ಗೆ ಇಷ್ಟು ಹೇಳಬಹುದು. ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸಿ ನಿವೃತ್ತರಾದ ಟೀಚರ್. ಈಗಲೂ ಕೊರಳಲ್ಲಿ ಸೀಟಿ, ಪಾಪುವಿಗೂ “ಎಡ, ಬಲ” ಹೇಳಿಯೇ ಚಡ್ಡಿ ತೊಡಿಸುತ್ತಾರೆ. ಮೊನ್ನೆ, “ನೀವೇನೋ ಪಾಠ ಹೇಳ್ತಿದ್ರಂತಲ್ಲ ಕಾಲೇಜಲ್ಲಿ, ನನಗೂ ಹೇಳಿ ನೋಡೋಣ” ಎಂದರು. ಹೇಳಿದೆ. ಕೇಳಿ ಮುಗಿಸಿ, “ಅಷ್ಟೇನಾ?” ಎಂದರು. “ಮಕ್ಕಳನ್ನ ಸಾಲಾಗಿ ನಿಲ್ಸಿ ನಂಬರ್ ಹೇಳಿಸಿದ್ರೆ ಅದು ನಿಮ್ಮ ಅರೇ. ಹದಿನೇಳು ಅಂದ ಕೂಡ್ಲೇ ಹದಿನೇಳನೆಯವನು ಒಂದು ಹೆಜ್ಜೆ ಮುಂದೆ ಬರ್ತಾನೆ. ಇನ್ನೊಂದು ರೈಲು ಆಟ. ಒಬ್ಬರ ಅಂಗಿ ಒಬ್ಬರು ಹಿಡ್ಕೊಂಡು ಹೋಗೋದು. ಅದರಲ್ಲಿ ಒಂದು ಮುಖ್ಯ. ನಡುವಿನ ಒಬ್ಬ ಕೈ ಬಿಟ್ಟರೆ ಹಿಂದಿನ ಡಬ್ಬಿಗಳೆಲ್ಲ ಮೈದಾನದ ಪಾಲು.”

ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಈ ರೈಲಿನ ಹಿಂದಿನ ಡಬ್ಬಿ ನಾನು.

ಬೆರಳು ಹೇಗೆ ಮುರಿಯಿತೆಂದು ನೀನು ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಅವನ ಮನೆಯಲ್ಲಿ ಪ್ರತಿ ಡಬ್ಬಿಗೂ ಪ್ರತಿ ಖಾನೆಗೂ ನಂಬರು. ಸೊನ್ನೆ ಉಪ್ಪು, ಒಂದು ಸಕ್ಕರೆ. ಅವನು ಕಂಪ್ಯೂಟರಿನಿಂದ ಕಣ್ಣೆತ್ತದೆ “ಒಂದು” ಎಂದು ಕೈ ಚಾಚಿದರೆ ಅಂಗೈಗೆ ಸಕ್ಕರೆ ಬಂದಿರಬೇಕು. ಹುಡುಕುವುದು ದಡ್ಡರ ಕೆಲಸ, ಕೈ ಹಾಕಿದ ಕಡೆ ವಸ್ತು ಸಿಗಬೇಕು, ಅದು ಅವನ ಧರ್ಮ. ಅವತ್ತು ಏಳನೆಯ ಖಾನೆಗೆ ಕೈ ಹಾಕಿದ. ಅದು ಕತ್ತರಿಯ ಜಾಗ. ನಿದ್ದೆಗಣ್ಣಲ್ಲಿ ನಾನು ಅಲ್ಲಿ ಪಾಪುವಿನ ಒದ್ದೆ ನಿಪ್ಪಲು ಇಟ್ಟಿದ್ದೆ. ಅವನು ಅದನ್ನು ಎತ್ತಿ ನೋಡಿದ. ನನ್ನ ಕೈಯನ್ನು ಮೆಲ್ಲಗೆ ಹಿಡಿದು ಖಾನೆಯೊಳಗೆ ಇಟ್ಟ. ಪೊಟ್ಟಣ ಇಡುವ ಹಾಗೆ ಇಟ್ಟು, ಮೊಣಕಾಲಿನಿಂದ ಖಾನೆ ಮುಚ್ಚಿದ. ತೆರೆದ, ಮುಚ್ಚಿದ. “ಏಳು ಅಂದ್ರೆ ಏನು?” ಎಂದು ಕೇಳುತ್ತಿದ್ದ. ನಾನು “ಕತ್ತರಿ” ಎನ್ನುತ್ತಿದ್ದೆ. ಸರಿಯಾದ ಉತ್ತರ ಹೇಳುತ್ತಲೇ ಇದ್ದೆ ಅಕ್ಕಾ, ಅವನು ನಿಲ್ಲಿಸಲಿಲ್ಲ.

ಅದನ್ನೂ ನುಂಗಿಕೊಂಡು ಇರುತ್ತಿದ್ದೆನೇನೋ. ಪಾಪು ಕಿರುಚಿತು. ಅವನು ಹೋಗಿ ಅದನ್ನು ಒಂದೇ ತೋಳಿನಲ್ಲಿ ಎತ್ತಿ ಹಿಡಿದು, “ಇದರ ನಂಬರು ಯಾವ್ದು?” ಎಂದ. ಬೀರುವಿನ ಕೆಳಗಿನ ಅರೆಯಲ್ಲಿ ಬಟ್ಟೆ ತಳ್ಳಿ ಅದನ್ನು ಮಲಗಿಸಿ, ಬಾಗಿಲು ಹಾಕಿ ಬೀಗ ತಿರುಗಿಸಿದ. ಒಳಗಿನ ಅಳು ಮೊದಲು ದೊಡ್ಡದಾಗಿ, ಆಮೇಲೆ ಸಣ್ಣದಾಗಿ, ಆಮೇಲೆ ನಿಂತಿತು. ಬೀಗದ ಕೈ ಜೇಬಿಗೆ ಹಾಕಿಕೊಂಡು ಊಟಕ್ಕೆ ಕೂತ. ನಾನು ಎಡಗೈಯಲ್ಲಿ ಸುತ್ತಿಗೆ ಹಿಡಿದು ಬೀರು ಒಡೆದೆ. ಅವನು ಬಾಗಿಲಿಗೆ ಅಡ್ಡ ಬಂದಾಗ ಎರಡನೆಯ ಏಟು ಅವನ ಮಂಡಿಗೆ. ಹಾಗೆ ಹೊರಗೆ ಬಂದವಳು ನಾನು. ಪಾಪುವಿನ ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೀದಿಯ ಗಾಳಿ ತಾಗಿ ಅತ್ತಿತು. ಅಳುವಿನಷ್ಟು ಚಂದದ ಸದ್ದು ನಾನು ಕೇಳಿಲ್ಲ.

ಈಗ ನನ್ನ ಭಯ ಕೇಳು. ಅವನೂ ನಾನೂ ಒಂದೇ ಕ್ಲಾಸಿನಲ್ಲಿ ಓದಿದವರು. ಸರಪಳಿ ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದನ್ನು ಹಿಡಿ, ಅದರೊಳಗಿನ ವಿಳಾಸ ಓದು, ಮುಂದಿನದಕ್ಕೆ ಹೋಗು. ಮನುಷ್ಯರ ಬಾಯಿಂದ ಅವನು ಹೇಗೆ ಓದುತ್ತಾನೆಂದು ನನ್ನ ಬೆರಳಿಗೆ ಗೊತ್ತು. ಒಮ್ಮೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಾತ್ರ ಅವನು ಇದರಲ್ಲಿ ಸೋತಿದ್ದ. ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಅಳಿಸುತ್ತ ಕೊನೆ ಮುಟ್ಟಬೇಕಿತ್ತು. ಅವಸರದಲ್ಲಿ ಮುಂದಿನದು ಎಲ್ಲಿದೆಯೆಂದು ಓದಿಕೊಳ್ಳುವ ಮೊದಲೇ ಕೈಯಲ್ಲಿದ್ದುದನ್ನು ಅಳಿಸಿಬಿಟ್ಟ. ದಾರಿ ಅಲ್ಲಿಗೇ ಕಡಿಯಿತು. ಕಲಿಯುವ ಹುಡುಗರೆಲ್ಲ ಮಾಡುವ ತಪ್ಪು. ನಾನು ಪಕ್ಕದ ಕಂಪ್ಯೂಟರಿನಲ್ಲಿ ಕೂತು ನಕ್ಕಿದ್ದೆ. ಮದುವೆಯಾದ ಮೊದಲ ವಾರ ಆ ನಗುವಿಗೆ ಕೆನ್ನೆ ಊದುವಂತೆ ಹೊಡೆದ. ಆ ಸಿಟ್ಟನ್ನು ಅಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿದ್ದ.

ಅವನಿಗೆ ಮೊದಲ ಮನೆ ಗೊತ್ತಿಲ್ಲ. ಆದರೆ ಅಂಗಡಿಯ ಎದುರು ಕೂತು, ಗಂಟು ಯಾರ ಕೈಗೆ ಹೋಗುತ್ತದೆಂದು ನೋಡಿದರೆ ಸಾಕು. ಅದಕ್ಕೇ ಅಕ್ಕಾ, ಗಂಟು ಕಳಿಸುವುದನ್ನು ನಿಲ್ಲಿಸಿಬಿಡು.

ಇದನ್ನು ಬರೆದು ಮಡಿಸಿಟ್ಟಿದ್ದೆ. ಮತ್ತೆ ಬಿಚ್ಚಿದ್ದೇನೆ. ಪಾಪು ಮಲಗಲು ನಾನೊಂದು ಕಾಗೆಯ ಕತೆ ಕಟ್ಟಿದ್ದೇನೆ. ನಡುವೆ ತಡೆದು ಬಿಟ್ಟಲ್ಲಿಂದ ಹೇಳಿದರೆ ಒಪ್ಪುವುದಿಲ್ಲ, ಕಾಗೆ ಗೂಡು ಬಿಟ್ಟಲ್ಲಿಂದಲೇ ಶುರುವಾಗಬೇಕು. ನಾನೂ ಹಾಗೇ ಆಗಿದ್ದೇನೆ. ನಿನ್ನ ಎರಡೂವರೆ ಪುಟವನ್ನು ದಿನಾ ಮೊದಲಿನಿಂದ ಓದುತ್ತೇನೆ, ಸೋಪಿನ ವಾಸನೆ ಬರುತ್ತದೆ. ಅದೂ ಇಲ್ಲವೆಂದರೆ ಈ ಕೋಣೆಯಲ್ಲಿ ನನಗೆ ಹುಚ್ಚು ಹಿಡಿಯುತ್ತದೆ. ಇನ್ನೊಂದೇ ಒಂದು ಸಲ ಬರೆ. ಕತ್ತು ವಾಸಿಯಾಯಿತೆಂದು ಒಂದು ಸಾಲು. ಆಮೇಲೆ ನಿಲ್ಲಿಸು.

ಬಿಡಲಾರದ,
ನಿನ್ನ ತಂಗಿ

*

ಏಪ್ರಿಲ್ 20

ತಂಗೀ,

ಹೊಲಿಗೆಯವಳ ಮೇಜಿನ ಮೇಲೆ ಕೂತು ಬರೀತಿದೀನಿ. ಅವಳು ಬಾಗಿಲಲ್ಲಿ ನಿಂತಿದಾಳೆ. ಹೊತ್ತಿಲ್ಲ.

ನೀನು ಹೇಳಿದ ಹಾಗೇ ಆಯ್ತು. ನೀನು ಕೇಳಿದ ಒಂದು ಸಾಲು ಬರೆದು ಕಳಿಸಿದ ಕಡೇ ಗಂಟಿನ ಹಿಂದೆ ಅವನು ಹೋಗಿದಾನೆ. ಗಾಜಿನಂಗಡಿಯವಳನ್ನ ಅವಳ ಅಂಗಡಿಯಲ್ಲೇ ಹಿಡಿದ. ಕನ್ನಡಿಗಳನ್ನ ಒಂದೊಂದಾಗಿ ಒಡೆದು ನೆಲಕ್ಕೆ ಹಾಸಿ, ಅದರ ಮೇಲೆ ಅವಳನ್ನ ಬರಿಗಾಲಲ್ಲಿ ನಿಲ್ಲಿಸಿ, ಕೂದಲು ಹಿಡಿದು ನಡೆಸಿದಾನೆ. “ಮುಂದಿನದು ಯಾರು?” ಅಷ್ಟೇ ಕೇಳಿದ್ದಂತೆ, ಬೇರೆ ಮಾತೇ ಇಲ್ಲ. ಅವಳ ಕಾಲು ನೋಡಿದೆ ಕಣೇ. ಇಪ್ಪತ್ತು ವರ್ಷದಿಂದ ಕಲೆ ತೆಗೆಯೋಳು ನಾನು, ಅಷ್ಟು ರಕ್ತ ನೋಡಿರಲಿಲ್ಲ. ಬೀದಿ ಹೆಸರು ಬಾಯಿಬಿಟ್ಟಳು. ಮನೆ ಹೇಳಲಿಲ್ಲ, ಹೊಲಿಗೆಯವಳು ಅಂತ ಮಾತ್ರ ಅಂದಳಂತೆ. ಈ ಬೀದಿಯಲ್ಲಿ ಹೊಲಿಯೋರ ಅಂಗಡಿ ಸಾಲಿಗೆ ಸಾಲೇ ಇದೆ. ಅವನು ಆ ತುದಿಯಿಂದ ಒಂದೊಂದೇ ನೋಡ್ಕೊಂಡು ಬರ್ತಾನೆ. ಅಷ್ಟು ಹೊತ್ತು ನಮ್ಮದು.

ಆಸ್ಪತ್ರೆಯಲ್ಲಿ ಅವಳು ನನ್ನ ಕಿವಿಯಲ್ಲಿ ಈ ಮನೆ ಹೇಳಿದಳು, ಓಡಿ ಬಂದೆ. ಈ ಕಾಗದ ನಿನ್ನ ಕೈಗೆ ಕೊಟ್ಟು, ಹಾಗೇ ಎಲ್ಲಾದರೂ ತಪ್ಪಿಸಿಕೊಂಡು ಹೋಗು ಅಂತ ಹೊಲಿಗೆಯವಳಿಗೆ ಹೇಳಿದೀನಿ. ನೀನಿರೋ ಮನೆ ಯಾವುದು ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ನಿನ್ನ ಕಟ್ಟಳೆ ಅವಳಿಗೆ ನನಗಿಂತ ಚೆನ್ನಾಗಿ ಬಾಯಿಪಾಠ ಆಗಿದೆ.

ಗಂಟು ಕಳಿಸಿದ ಕೈ ನನ್ನದು. “ನಾನು ಬರಿ ಅಂದೆ, ಅದಕ್ಕೇ” ಅಂತ ರಾತ್ರಿ ಪೂರ್ತಿ ಕೂತು ಅಳಬೇಡ. ನನಗೂ ಬರೀಬೇಕಿತ್ತು.

ಕತ್ತು ವಾಸಿಯಾಯ್ತು.

ಅಕ್ಕ

*

ಏಪ್ರಿಲ್ 22

ಅಕ್ಕಾ,

ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ “ಟಿಣ್” ಎಂದು ಒಂದೇ ಒಂದು ಸದ್ದು. ಕೂತಲ್ಲೇ ತೂಗಡಿಸುತ್ತಿದ್ದವಳು ಎಚ್ಚೆತ್ತು ಮೊದಲು ಪಾಪುವನ್ನು ಎಳೆದು ಎದೆಗೆ ಒತ್ತಿಕೊಂಡೆ. ಟೀಚರ್ ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಫೋನು ಬಳಸಬಾರದೆಂಬ ನನ್ನ ಕಟ್ಟಳೆಗೆ, ನಾನು ಬಂದ ದಿನದಿಂದ ವೈರ್ ಕಿತ್ತು ಕಪಾಟಿನೊಳಗೆ ಇಟ್ಟಿದ್ದ ಹಳೆಯ ಟೆಲಿಫೋನನ್ನು ಗೋಡೆಗೆ ಸಿಕ್ಕಿಸಿದ್ದರು. ಅದು ಬದುಕಿದ್ದೇನೆಂದು ಹೇಳಿದ ಸದ್ದು ಅದು.

“ನಿಮ್ಮ ಕಟ್ಟಳೆ ಸಾಕು” ಎಂದರು. “ಬರೀರಿ. ನಾನು ಹೊರಡ್ತೀನಿ.”

ಮೊನ್ನೆ ಹೊಲಿಗೆಯವಳು ಬಂದು ನಿನ್ನ ಕಾಗದ ಕೊಟ್ಟಳು. ಕೂರಲೂ ಇಲ್ಲ. ನೀರು ಕುಡಿದು, “ಹೊಲಿಗೆ ಮಿಷನ್ ಅಲ್ಲೇ ಇದೆ, ತಗೊಂಡು ಬಂದುಬಿಡ್ತೀನಿ” ಎಂದಳು. ನಾನು ಅವಳ ತೋಳು ಹಿಡಿದುಕೊಂಡೆ. “ಅದು ಬಿಟ್ಟರೆ ನನಗೇನಿದೆ ಹೇಳು? ಅವನು ಬೀದಿಯ ಆ ತುದಿಯಲ್ಲಿದಾನಂತೆ. ನನ್ನದು ಈ ತುದಿ. ನಾಳೆ ಸಂಜೆಯೊಳಗೆ ಬರ್ತೀನಿ, ಪಾಪುವಿಗೊಂದು ಅಂಗಿ ಹೊಲಿಯೋಣ” ಎಂದು ನಕ್ಕು, ಪಾಪುವಿನ ತೋಳಳತೆಯನ್ನು ಗೇಣಿನಲ್ಲಿ ತೆಗೆದುಕೊಂಡು ಹೋದಳು.

ಬರಲಿಲ್ಲ. ಇವತ್ತು ಸಂಜೆ ಟೀಚರ್ ಪತ್ರಿಕೆಯ ಒಳಪುಟ ಮಡಿಸಿ ನನ್ನ ಮುಂದೆ ಇಟ್ಟರು. ಹೊಲಿಗೆ ಅಂಗಡಿಯ ಹೆಂಗಸಿನ ಮೇಲೆ ನಿನ್ನೆ ಹಲ್ಲೆ. ದವಡೆ ಎರಡು ಕಡೆ ಮುರಿದಿದೆ, ಅವಳದೇ ಕತ್ತರಿಯಿಂದ ಬಲಗೈಯ ಎರಡು ಬೆರಳು ಹೋಗಿವೆ, ಮಾತನಾಡುವ ಸ್ಥಿತಿಯಲ್ಲಿಲ್ಲ. ಕೈಗೆ ಬ್ಯಾಂಡೇಜು ಕಟ್ಟಿದ್ದ ವ್ಯಕ್ತಿ ಪರಾರಿ. ಲಾಂಡ್ರಿ ನಡೆಸುವ ಮಹಿಳೆಯೊಬ್ಬರು ಆಕೆಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿ ಜೊತೆಗಿದ್ದಾರೆ.

ಆ ಮಹಿಳೆ ನೀನು. ನೀನೀಗ ಅವಳ ಮಂಚದ ಪಕ್ಕ ಕೂತಿದ್ದೀಯ. ನಾನೆಲ್ಲಿದ್ದೇನೆಂದು ಗೊತ್ತಿರುವವಳು ನಿನ್ನ ಮುಂದೆಯೇ ಮಲಗಿದ್ದಾಳೆ, ಅವಳಿಗೆ ಬಾಯಿಲ್ಲ. ನಿನಗೆ ನನ್ನನ್ನು ಎಚ್ಚರಿಸಲು ದಾರಿಯಿಲ್ಲ. ಕೊಲ್ಲುವವನಿಗೂ ಎಚ್ಚರಿಸುವವರಿಗೂ ಒಂದೇ ದಾರಿ ಇಟ್ಟವಳು ನಾನು. ಹೊರಗಿನವನು ನೇರ ಬರಬಾರದೆಂದು ಕಟ್ಟಿದೆ, ನೀನೂ ನೇರ ಬರಲಾರೆ ಎಂದು ಆಗ ತಲೆಗೇ ಹೋಗಲಿಲ್ಲ.

ಒಂದೇ ಪ್ರಶ್ನೆ ಅಕ್ಕಾ. ಅವಳು ಹೇಳಿದಳೇ, ಇಲ್ಲವೇ?

ಕಾಗದದ ಮೂಲೆಯಲ್ಲಿ ರಕ್ತ ಕಂಡರೆ ಹೆದರಬೇಡ, ನಾನೇ ಉಗುರು ಕಚ್ಚಿಕೊಂಡದ್ದು. ಸಂಜೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಅವನು ಶಿಸ್ತಿನ ಮನುಷ್ಯ. ಮೊದಲು ಬೆರಳು, ಆಮೇಲೆ ಪ್ರಶ್ನೆ, ಉತ್ತರ ಸಿಕ್ಕಿದ ಮೇಲೆ ದವಡೆ, ಬೇರೆಯವರಿಗೆ ಹೇಳದಿರಲಿ ಎಂದು. ಹಾಗಿದ್ದರೆ ಈ ಮನೆಯ ಬಾಗಿಲು ಅವನಿಗೆ ಗೊತ್ತು, ಅವನು ಬರುತ್ತಿದ್ದಾನೆ, ಬಂದೂ ಇರಬಹುದು. ಆದರೆ ಅವಳು ಸುಮ್ಮನಿರುವವಳಲ್ಲ. ಅವನ ಮುಖಕ್ಕೆ ಉಗಿದಿರುತ್ತಾಳೆ. ನಕ್ಕಿದ್ದರೂ ನಕ್ಕಿರುತ್ತಾಳೆ. ನಗು ಕೇಳಿದರೆ ಅವನಿಗೆ ಶಿಸ್ತು ಉಳಿಯುವುದಿಲ್ಲ, ಅದು ನನಗೆ ಗೊತ್ತು. ಆ ಸಿಟ್ಟಿನಲ್ಲಿ, ಮುಂದಿನ ಮನೆ ಯಾವುದೆಂದು ಕೇಳಿಕೊಳ್ಳುವ ಮೊದಲೇ ದವಡೆ ಮುರಿದಿದ್ದರೆ? ಪರೀಕ್ಷೆಯಲ್ಲಿ ಮಾಡಿದ ಅದೇ ತಪ್ಪು. ಓದಿಕೊಳ್ಳುವ ಮೊದಲೇ ಅಳಿಸಿದ ತಪ್ಪು. ಹಾಗಾಗಿದ್ದರೆ ಸರಪಳಿ ಅವನ ಕೈಯಲ್ಲೇ ಕಡಿದಿದೆ, ನಾನೂ ಪಾಪುವೂ ಬದುಕಿದೆವು. ಅವತ್ತು ಆ ತಪ್ಪಿಗೆ ನಕ್ಕವಳು ಇವತ್ತು ಅವನು ಅದನ್ನೇ ಮಾಡಿರಲಿ ಎಂದು ಹಲ್ಲು ಕಚ್ಚಿ ಬೇಡುತ್ತಿದ್ದೇನೆ.

ಹೇಗಿದ್ದರೂ ಓಡಿಹೋಗು ಎನ್ನುತ್ತೀಯ. ಎಲ್ಲಿಗೆ? ಅವಳು ಹೇಳಿರದಿದ್ದರೆ ಅವನು ಬಸ್ ನಿಲ್ದಾಣದಲ್ಲಿ ಕೂತಿರುತ್ತಾನೆ. ಅವಳ ಬೀದಿಯಿಂದ ಗಂಟು ಈ ಕಡೆಯ ಬಸ್ಸಿನಲ್ಲೇ ಬರುತ್ತಿತ್ತೆಂದು ಕಂಡುಹಿಡಿಯಲು ಅವನಿಗೆ ಎಷ್ಟು ಹೊತ್ತು? ಹೊಸ್ತಿಲು ದಾಟಿದರೆ ನಾನೇ ಅವನ ಬಾಯಿಗೆ ಬೀಳುತ್ತೇನೆ. ಹಾಗಿದ್ದರೆ ಈ ಬೀಗ ಹಾಕಿದ ಮನೆಯಲ್ಲಿ ಉಸಿರು ಹಿಡಿದು ಕೂರುವುದೇ ಕ್ಷೇಮ. ಹೇಳಿದ್ದರೆ ಇಲ್ಲಿ ಕೂರುವುದೇ ಸಾವು, ಬೆಳಗಿನ ಐದೂವರೆಯ ಬಸ್ಸಿಗೆ ಹೋಗಲೇಬೇಕು. ಮುಂದಿನ ಮನೆಯವಳಿಗೆ ಎಂಟು ತಿಂಗಳು ತುಂಬಿದೆ. ಅವನನ್ನು ಬೆನ್ನಿಗೆ ಕಟ್ಟಿಕೊಂಡು ಆ ಬಾಗಿಲು ತಟ್ಟಲಾರೆ. ಹೋದರೆ ಅವಳ ಮನೆ ದಾಟಿ, ಎಲ್ಲೂ ಇಲ್ಲದ ಕಡೆಗೆ ಹೋಗುತ್ತೇನೆ.

ಟೀಚರ್ ಪೊಲೀಸರಿಗೆ ಫೋನ್ ಮಾಡಿದರು. “ಬಂದಿದಾನಾ?” ಎಂದು ಕೇಳಿದರಂತೆ. “ಇಲ್ಲ, ಬರಬಹುದು.” “ಬಂದ ಮೇಲೆ ಹೇಳಿ.” ಟೀಚರ್ ರಿಸೀವರ್ ಇಟ್ಟು, ಜೀವನದಲ್ಲಿ ಮೊದಲ ಸಲ ಎಂಬಂತೆ ಒಂದು ಕೆಟ್ಟ ಮಾತು ಆಡಿ, ಪಾಪುವಿಗೆ ಕೇಳಿಸಿತೇನೋ ಎಂದು ತಿರುಗಿ ನೋಡಿದರು. ಆಸ್ಪತ್ರೆಗೆ ಮಾಡಿದರೆ ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಈ ಕಾಗದ ಮನೆಯಿಂದ ಮನೆಗೆ ಹೋಗುವುದಿಲ್ಲ. ಟೀಚರ್ ತಮ್ಮ ಸ್ಕೂಟರಿನಲ್ಲಿ ನೇರ ನಿನ್ನ ಕೈಗೆ ತರುತ್ತಿದ್ದಾರೆ. ಮೂರು ಗಂಟೆಯ ದಾರಿ. ಅವನಿಗೆ ಅವರ ಮುಖ ಗೊತ್ತಿಲ್ಲ. ನಾವೂ ಹಿಂದೆ ಕೂತು ಬರೋಣವೆಂದರೆ, ನಿನ್ನ ಆಸ್ಪತ್ರೆಯ ಬಾಗಿಲಲ್ಲೇ ಅವನು ಕಾಯುತ್ತಿದ್ದರೆ? ಅವರು ತಿರುಗಿ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಆದ್ದರಿಂದ ಉತ್ತರ ಫೋನಿನಲ್ಲೇ ಬರಬೇಕು. ಕಾಗದದ ನೆತ್ತಿಯ ಮೇಲೆ ದೊಡ್ಡದಾಗಿ ಈ ಮನೆಯ ನಂಬರು ಬರೆದಿದ್ದೇನೆ. ನಾನು ಮುರಿಯುವ ಮೊದಲ ಕಟ್ಟಳೆ ಇದು, ಕಡೆಯದೂ ಇದೇ. ಓದಿ ಮುಗಿಸಿ ನುಂಗಿಬಿಡು.

ನಿನ್ನ ಮೊಬೈಲಿನ ನಂಬರು ನನ್ನ ಬೆರಳಿಗೇ ಬಾಯಿಪಾಠ. ಹೆದರಿದಾಗೆಲ್ಲ ಒತ್ತಿದ ನಂಬರು ಅದೊಂದೇ. ಆ ಕಡೆ “ಹಲೋ” ಎನ್ನುವವನು ಅವನು ಎಂದು ಗೊತ್ತಿದ್ದೂ ಎಡಗೈ ಫೋನಿನ ಕಡೆ ಸರಿಯುತ್ತದೆ. ಅದಕ್ಕೇ ಆ ಕೈಯ ಮೇಲೆ ಕೂತು ಬರೆಯುತ್ತಿದ್ದೇನೆ.

ಹೊಲಿಗೆಯವಳನ್ನು ಎಬ್ಬಿಸು. ಪಾಪ, ನೋಯುತ್ತದೆ, ಆದರೂ ಎಬ್ಬಿಸು. ಬಾಯಿ ಬೇಡ, ಕೈ ಬೇಡ. “ಹೇಳಿದೆಯಾ?” ಎಂದು ಕೇಳು. ಹೇಳಿದ್ದರೆ ಕಣ್ಣು ಮುಚ್ಚಲಿ. ಹೇಳದಿದ್ದರೆ ತೆರೆದೇ ಇರಲಿ. ಹೇಳಿದ್ದರೂ ನನಗೆ ಅವಳ ಮೇಲೆ ಸಿಟ್ಟಿಲ್ಲವೆಂದು ಮೊದಲೇ ತಿಳಿಸು. ಅವಳು ಹೆದರಿ ಕಣ್ಣು ತೆರೆದಿಟ್ಟುಕೊಂಡರೆ ನಾವು ಸತ್ತೆವು.

ಟೀಚರ್ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದಾರೆ. ಕೊರಳಿನ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದರು. “ಊದಿದ್ರೆ ಇಡೀ ಬೀದಿ ಅಟೆನ್ಷನ್ ನಿಲ್ಲುತ್ತೆ” ಎಂದರು. ನಗಬೇಕೆಂದು ಹೇಳಿದ್ದು, ನಗು ಬರಲಿಲ್ಲ. ಅವರು ಹೋದ ಮೇಲೆ ಈ ಮನೆಯಲ್ಲಿ ನಾನು, ಪಾಪು, ಒಂದು ಸುತ್ತಿಗೆ. ಹೌದು, ಅದೇ ಸುತ್ತಿಗೆ. ಬಾಗಿಲಿಗೆ ಮೇಜು ಅಡ್ಡ ಎಳೆದು, ಟೆಲಿಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತೇನೆ. ಪಾಪು ಈಗ ಎದ್ದಿದೆ. ಕಾಗೆಯ ಕತೆ ಶುರು ಮಾಡಬೇಕು. ಗೂಡು ಬಿಟ್ಟಲ್ಲಿಂದ.

ಅವನ ಕೈಗೆ ಇನ್ನೂ ಸಿಕ್ಕದ,
ನಿನ್ನ ತಂಗಿ

ಟೀಚರ್ ಸ್ಕೂಟರ್ ಚಾಲೂ ಮಾಡಿದರು, ಕಿಟಕಿಯೊಳಕ್ಕೆ ಕೈ ಚಾಚಿ ನಿಂತಿದ್ದಾರೆ, ಇದೊಂದು ಮಾತು. ಬೀದಿಯ ತುದಿಯ ದೀಪದ ಕೆಳಗೆ ಯಾರೋ ಇದ್ದಾರೆ. ಒಂದೊಂದು ಗೇಟಿನ ಮುಂದೆ ನಿಂತು ನೋಡಿ ಮುಂದಿನದಕ್ಕೆ ಹೋಗುತ್ತಿದ್ದಾರೆ. ಬ್ರೆಡ್ಡಿನ ವ್ಯಾನಿನವನಿರಬಹುದು. ಇನ್ನೂ ಅವನು ಬರುವ ಹೊತ್ತಲ್ಲ. ಕೈಗೆ ಬ್ಯಾಂಡೇಜು ಇದೆಯೋ ಇಲ್ಲವೋ ಕಾಣುತ್ತಿಲ್ಲ. ಅಕ್ಕಾ, ಕಾಗದ ಮಡಿಸಲೂ ನಿಲ್ಲಬೇಡ, ಅವಳ ಕಣ್ಣು ನೋಡು, ಸಿಕ್ಕ ಫೋನು ಎತ್ತು. ಹೌದು ಎನ್ನು, ಇಲ್ಲ ಎನ್ನು, ಯಾವುದಾದರೂ ಒಂದು. ಬೆಳಗಾಗುವುದರೊಳಗೆ ಫೋನ್ ಮಾಡು. ಬೆಳಗಾಗುವುದರೊಳಗೆ, ಅಕ್ಕಾ, ಮಾಡು.